ಮೂಲ ಲೇಖಕರು ಬಿಟ್ಟುಹೋದ ಓಪನ್ ಸೋರ್ಸ್ ಕೋಡನ್ನು ರಿಫ್ಯಾಕ್ಟರ್ ಮಾಡಬೇಕೇ (ಅದು ಮಾಡುವ ಕೆಲಸ ಬದಲಾಗದಂತೆ ಒಳಗಿನ ರಚನೆಯನ್ನು ಸುಧಾರಿಸಬೇಕೇ), ಹೊಸದಾಗಿ ಬರೆಯಬೇಕೇ?

ಬರೆದವರು ಈಗ ಜೊತೆಗಿಲ್ಲ, ಟೆಸ್ಟ್‌ಗಳಿಲ್ಲ, ಕೋಡ್ ಅರ್ಥವಾಗುತ್ತಿಲ್ಲ: ನೀವು ಹೇಳಿರುವ ಈ ಮೂರೂ ಮಾತುಗಳನ್ನು ನಾನೂ ಒಮ್ಮೆ ಹೇಳಿದ್ದೆ. ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ, ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಜಾಗದಲ್ಲಿ ಕನ್ನಡ ಆಕಾರಗಳನ್ನು ಕೂರಿಸಿದ ಹಳೆಯ ಆಸ್ಕಿ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಪಠ್ಯವನ್ನು, ಎಲ್ಲ ಭಾಷೆಗಳಿಗೂ ಸಲ್ಲುವ ಅಕ್ಷರ ಸಂಕೇತವಾದ ಯುನಿಕೋಡ್‌ಗೆ ಪರಿವರ್ತಿಸುವ ಪುಟ್ಟ ಯೋಜನೆಯೊಂದರ ಹೊಣೆ ನನಗೆ ಬಂದಿತ್ತು. ಅದು ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಹಳೆಯ ಆವೃತ್ತಿಯಾದ ಪೈಥಾನ್ 2ರಲ್ಲಿತ್ತು. 2020ರ ಜನವರಿ 1ಕ್ಕೆ ಪೈಥಾನ್ 2ರ ಬೆಂಬಲ ನಿಲ್ಲಲಿದ್ದುದರಿಂದ ಹೇಗೂ ಕೈಹಾಕಬೇಕಿತ್ತು. ಪೂರ್ತಿಯಾಗಿ ಹೊಸದಾಗಿಯೇ ಬರೆದೆ.

ತಪ್ಪಿದ್ದು ಒಂದೇ ಸಾಲಿನಲ್ಲಿ. ಒತ್ತಕ್ಷರಗಳನ್ನು ಜೋಡಿಸುವ ಕಡೆ, ‘ರ್’ ಅನ್ನು ತೆಗೆದು ‘ರ‍್’ ಅನ್ನೇ ಇಡುವ ಸಾಲೊಂದು ಹಳೆಯ ಕೋಡಿನಲ್ಲಿತ್ತು. ಎರಡೂ ಒಂದೇ ರೀತಿ ಕಾಣುತ್ತಿದ್ದುದರಿಂದ ವ್ಯರ್ಥವೆಂದು ಕೈಬಿಟ್ಟೆ. ಎರಡನೆಯದರಲ್ಲಿ ರಕಾರಕ್ಕೂ ಸ್ವರವನ್ನು ಅಳಿಸುವ ‘್’ ಚಿಹ್ನೆಗೂ (ಯುನಿಕೋಡಿನಲ್ಲಿ ಇದರ ಹೆಸರು ವಿರಾಮ) ನಡುವೆ, ಕಣ್ಣಿಗೆ ಕಾಣದ ಜೀರೋ ವಿಡ್ತ್ ಜಾಯ್ನರ್ ಎಂಬ ಅಗಲವಿಲ್ಲದ ಸಂಕೇತ ಇತ್ತು. ಯುನಿಕೋಡಿನಲ್ಲಿ ರ, ವಿರಾಮ, ಯ ಎಂದು ಬಂದರೆ ಅರ್ಕಾವೊತ್ತಿನ ‘ರ್ಯ’ ಮೂಡುತ್ತದೆ. ‘ರ‍್ಯಾಂಕ್’ ಎಂಬಲ್ಲಿನಂತೆ ರಕಾರವನ್ನು ಉಳಿಸಿ ಯ ಒತ್ತು ಕೊಡಬೇಕಾದರೆ ಆ ಜಾಯ್ನರ್ ಬೇಕೇ ಬೇಕು. ಹಳೆಯ ಫಾಂಟಿನಲ್ಲಿ ಬೇರೆ ಬೇರೆಯಾಗಿದ್ದ ಎರಡು ರೂಪಗಳನ್ನು ನನ್ನ ಹೊಸ ಕೋಡ್ ಒಂದಾಗಿಸಿಬಿಟ್ಟಿತು.

ತೀರಿಕೊಂಡ ತಮ್ಮ ತಂದೆಯವರ ಲೇಖನಗಳನ್ನು ಬಳಕೆದಾರರೊಬ್ಬರು ನನ್ನ ಹೊಸ ಕೋಡಿನಿಂದ ಪರಿವರ್ತಿಸಿದ್ದರು. ತಂದೆಯವರು ಅರ್ಕಾವೊತ್ತನ್ನು ಬಿಟ್ಟು ‘ಧರ‍್ಮ’, ‘ಸೂರ‍್ಯ’ ಎಂದೇ ಬರೆಯುತ್ತಿದ್ದವರು. ಇತರರ ಮಾತನ್ನು ಉದ್ಧರಿಸುವಾಗ ಮಾತ್ರ ಅಲ್ಲಿದ್ದಂತೆ ‘ಧರ್ಮ’ ಎಂದು ಇಡುತ್ತಿದ್ದರು. ಅವರು ಬೇಕೆಂದೇ ಕಾಪಾಡಿಕೊಂಡು ಬಂದಿದ್ದ ಆ ವ್ಯತ್ಯಾಸ ಅಳಿಸಿಹೋಯಿತು, ಮೂಲ ಕಡತಗಳೂ ಉಳಿದಿರಲಿಲ್ಲ. ಯಾವ ‘ರ್’ ಮೊದಲು ಯಾವುದಾಗಿತ್ತೆಂಬ ಗುರುತೇ ಕಡತದಲ್ಲಿ ಇಲ್ಲದಿರುವಾಗ ಹುಡುಕಿ ಬದಲಿಸುವುದೂ ಸಾಧ್ಯವಿಲ್ಲ. ಮುದ್ರಿತ ಪ್ರತಿಗಳನ್ನು ಪಕ್ಕದಲ್ಲಿಟ್ಟುಕೊಂಡು ಅವರೂ ನಾನೂ ತಿಂಗಳುಗಟ್ಟಲೆ ಕೈಯಿಂದ ತಿದ್ದಿದೆವು. ಪ್ರತಿ ಸಾಲನ್ನೂ ಯಾರು, ಯಾವಾಗ ಬದಲಿಸಿದರೆಂದು ತೋರಿಸುವ ಗಿಟ್ ಬ್ಲೇಮ್ ಓಡಿಸಿ ನೋಡಿದ್ದರೆ, ಆ ಸಾಲಿನ ಕಾರಣ ಬದಲಾವಣೆಯ ಜೊತೆ ಬರೆದಿಟ್ಟ ಕಮಿಟ್ ಸಂದೇಶದಲ್ಲೇ ಸಿಗುತ್ತಿತ್ತು. ನಾನು ನೋಡಿದ್ದು ಎಲ್ಲ ಮುಗಿದ ಮೇಲೆ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಕೋಡ್ ಅರ್ಥವಾಗದ ಸ್ಥಿತಿಯಲ್ಲಿ ಎರಡರಲ್ಲಿ ಯಾವುದನ್ನು ಆರಿಸಿಕೊಂಡರೂ ಕುರುಡು ಕೆಲಸವೇ. ಸಂಬಳದ ಎಂಜಿನಿಯರುಗಳಿದ್ದ ಬ್ರೌಸರ್ ಕಂಪನಿ ನೆಟ್‌ಸ್ಕೇಪ್ ಕೂಡ 1998ರಲ್ಲಿ ಪುಟಗಳನ್ನು ತೆರೆಯ ಮೇಲೆ ಮೂಡಿಸುವ ಹಳೆಯ ಎಂಜಿನ್ ಬಿಟ್ಟು ಗೆಕೊ ಎಂಬ ಹೊಸ ಎಂಜಿನ್ನಿನ ಆಧಾರದ ಮೇಲೆ ಹೊಸದಾಗಿ ಕಟ್ಟಲು ಹೊರಟಾಗ, ಅದರ ಫಲವಾದ ನೆಟ್‌ಸ್ಕೇಪ್ 6 ಬಂದದ್ದು 2000ದ ನವೆಂಬರಿನಲ್ಲಿ. ವಾರಾಂತ್ಯದಲ್ಲಿ ದುಡಿಯುವ ನಮ್ಮಂಥವರಿಗೆ ಅಷ್ಟು ಕಾಲ ಕಾಯುವ ಬಳಕೆದಾರರು ಎಲ್ಲಿದ್ದಾರೆ?

ಬಳಕೆದಾರರಿಂದ ನಿಜವಾದ ಕಡತಗಳನ್ನು ಕೇಳಿ ಪಡೆಯಿರಿ. ಹಳೆಯ ಕೋಡ್ ಅವಕ್ಕೆ ಕೊಡುವ ಫಲಿತಾಂಶವನ್ನು, ತಪ್ಪುಗಳ ಸಮೇತ, ಹಾಗೆಯೇ ಕಾಪಿಟ್ಟು ಅದನ್ನೇ ಟೆಸ್ಟ್ ಮಾಡಿಕೊಳ್ಳಿ. ಅನಂತರ ಒಂದೊಂದೇ ಫಂಕ್ಷನ್ನನ್ನು ಬದಲಿಸುತ್ತ, ಪ್ರತಿ ಸಲವೂ ಅಕ್ಷರಗಳನ್ನು ಕಣ್ಣಿನಿಂದಲ್ಲದೆ ಬೈಟ್‌ಗಳ ಮಟ್ಟದಲ್ಲಿ ಹೋಲಿಸಿ ನೋಡಿ.