ಕೊರಮೀನಿನ ಕೆಂಪು ಮರಿಗಳೂ ರೋಹುವಿನ ಲಕ್ಷ ಮೊಟ್ಟೆಗಳೂ

ಮೀನು ಮೊಟ್ಟೆಯಿಟ್ಟ ಮೇಲೆ ಅವುಗಳನ್ನು ನೀರಿನ ಪಾಲಿಗೆ ಬಿಟ್ಟು ಹೋಗುತ್ತದೆಯೇ, ಇಲ್ಲವೇ ಹಕ್ಕಿಯಂತೆ ಕಾವಲು ಕಾಯುತ್ತದೆಯೇ ಎಂದು ತಾವು ಕೇಳಿದ್ದೀರಿ. ಎರಡೂ ಉಂಟು, ಯಾವ ಮೀನು ಎಂಬುದನ್ನು ನೋಡಬೇಕು. ನಾನು ಯಾದಗಿರಿ ಜಿಲ್ಲೆಯ ಭೀಮಾ ದಂಡೆಯ ಊರಿನವನು, ಕೆರೆಗಳಿಗೆ ಮೀನುಮರಿ ಬಿಡುವ ಕೆಲಸದಲ್ಲಿ ಹಲವು ವರ್ಷಗಳಿಂದ ಇದ್ದೇನೆ. ಆದ್ದರಿಂದ ನಮ್ಮ ನೀರಿನ ಮೀನುಗಳನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ.

ಕಾಟ್ಲಾ, ರೋಹು, ಮೃಗಾಲ್ ಮೀನುಗಳು ಮರಿಗಳನ್ನು ನೋಡಿಕೊಳ್ಳುವುದಿಲ್ಲ. ಮಳೆಗಾಲದಲ್ಲಿ ಹೊಳೆಗೆ ಹೊಸ ನೀರು ಬಂದು ದಂಡೆಯ ತಗ್ಗುಗಳಲ್ಲಿ ಹರಡಿದಾಗ ಹೆಣ್ಣು ಮೊಟ್ಟೆ ಚೆಲ್ಲುತ್ತದೆ, ಬೆನ್ನಟ್ಟಿ ಬಂದ ಗಂಡುಗಳು ಅದೇ ಗಳಿಗೆಯಲ್ಲಿ ವೀರ್ಯ ಬಿಡುತ್ತವೆ, ಫಲೀಕರಣ ನೀರಿನಲ್ಲಿಯೇ ಆಗುತ್ತದೆ. ರೋಹು ತನ್ನ ತೂಕದ ಪ್ರತಿ ಕಿಲೋಗೆ ಸುಮಾರು 2 ಲಕ್ಷ ಮೊಟ್ಟೆ ಇಡುತ್ತದೆ. ಬೆಚ್ಚಗಿನ ನೀರಿನಲ್ಲಿ 15ರಿಂದ 18 ಗಂಟೆಗಳಲ್ಲಿ ಮರಿ ಒಡೆದು ಬರುತ್ತದೆ, ಮೊದಲ ಮೂರು ದಿನ ಹೊಟ್ಟೆಗೆ ಅಂಟಿದ ಹಳದಿ ಚೀಲವೇ ಅದರ ಬುತ್ತಿ. ತಂದೆತಾಯಿ ಅಷ್ಟರಲ್ಲಿ ಎಲ್ಲಿಯೋ ಹೋಗಿರುತ್ತವೆ. ನಿಂತ ನೀರಿನ ಕೆರೆಯಲ್ಲಿ ಇವುಗಳ ಹೊಟ್ಟೆ ಮೊಟ್ಟೆಯಿಂದ ತುಂಬಿದರೂ ಸಾಮಾನ್ಯವಾಗಿ ಅವು ಮೊಟ್ಟೆ ಇಡುವುದಿಲ್ಲ. 1957ರಲ್ಲಿ ಮೀನು ವಿಜ್ಞಾನಿ ಹೀರಾಲಾಲ್ ಚೌಧುರಿಯವರು ಒಡಿಶಾದಲ್ಲಿ, ಮೀನಿನ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಈ ಬಳಗದ ಮೀನುಗಳಿಂದ ಮೊಟ್ಟೆ ಇಡಿಸಿದರು. ನಾವು ಇಂದು ಕೆರೆಗೆ ಬಿಡುವ ಮರಿಗಳು ಆ ಕೆಲಸದ ಫಲ.

ಕೊರಮೀನಿನ ರೀತಿಯೇ ಬೇರೆ. ಇದನ್ನು ಮುರ್ರೆಲ್ ಎಂದೂ ಕರೆಯುತ್ತಾರೆ. ಗಂಡುಹೆಣ್ಣು ಸೇರಿ ಕೆರೆಯಂಚಿನ ಜೊಂಡಿನ ನಡುವೆ ಕಳೆ ಸರಿಸಿ ತಟ್ಟೆಯಗಲದ ಬಯಲು ಮಾಡಿಕೊಳ್ಳುತ್ತವೆ. ಅಲ್ಲಿ ಇಟ್ಟ ಮೊಟ್ಟೆಗಳಲ್ಲಿ ಎಣ್ಣೆಯ ಹನಿ ಇರುವುದರಿಂದ ಅವು ನೀರಿನ ಮೇಲೆ ತೇಲುತ್ತವೆ, ಒಂದೆರಡು ದಿನಗಳಲ್ಲಿ ಒಡೆಯುತ್ತವೆ. ನಾನು ಹುಡುಗನಾಗಿದ್ದಾಗ ನಮ್ಮ ಕಾಕಾ ಊರ ಕೆರೆಯ ದಂಡೆಯಲ್ಲಿ ನನ್ನನ್ನು ಕೂರಿಸಿ, ನೀರಿನಲ್ಲಿ ಸರಿದಾಡುವ ಒಂದು ಕೆಂಪು ಛಾಯೆಯನ್ನು ತೋರಿಸಿದರು. ನೂರಾರು ಮರಿಗಳು ಒತ್ತಾಗಿ ಒಂದೇ ಮುದ್ದೆಯಂತೆ ಈಜುತ್ತಿದ್ದವು. ಆಗಾಗ ಮೇಲೆ ಬಂದು ಗಾಳಿ ನುಂಗುವಾಗ, ಅಷ್ಟು ಜಾಗದಲ್ಲಿ ಮಾತ್ರ ತುಂತುರು ಮಳೆ ಬಿದ್ದಂತೆ ನೀರು ಅದುರುತ್ತಿತ್ತು. ಅದರ ಕೆಳಗೆ ಕಪ್ಪಗೆ ನಿಂತಿದ್ದ ದೊಡ್ಡ ಮೀನನ್ನು ಕಾಣಲು ನನಗೆ ಬಹಳ ಹೊತ್ತು ಹಿಡಿಯಿತು. ಒಂದು ಕಪ್ಪೆ ಹತ್ತಿರ ಜಿಗಿದದ್ದೇ ತಡ, ಅದು ಮೇಲೆ ನುಗ್ಗಿ ಹೊಡೆಯಿತು. ಈ ಸಿಟ್ಟೇ ಅದಕ್ಕೆ ಮುಳುವಾಗುತ್ತದೆ: ಮರಿಗಳ ಬಳಿ ಗಾಳ ಬಿಟ್ಟರೆ ಹಸಿವಿಲ್ಲದಿದ್ದರೂ ಕಚ್ಚುತ್ತದೆ. ಕಾವಲಿನ ಮೀನನ್ನು ಹೀಗೆ ಹಿಡಿಯುವುದು ನನಗೆ ಸರಿಯೆನಿಸುವುದಿಲ್ಲ. ಕಾವಲು ತಪ್ಪಿದ ಮರಿಗಳು ಕಪ್ಪೆಗೂ ನೀರುಹಾವಿಗೂ ಬೇರೆ ಮೀನುಗಳಿಗೂ ತುತ್ತಾಗುತ್ತವೆ.

ನಮ್ಮಲ್ಲಿ ಜಿಲೇಬಿ ಎಂದು ಕರೆಯುವ ತಿಲಾಪಿಯಾ ಆಫ್ರಿಕಾ ಮೂಲದ್ದು, 1952ರಲ್ಲಿ ಭಾರತಕ್ಕೆ ಬಂದಿತು. ಗಂಡು ಕೆಸರಿನಲ್ಲಿ ಗುಂಡಿ ತೋಡುತ್ತದೆ, ಹೆಣ್ಣು ಅಲ್ಲಿ ಮೊಟ್ಟೆಯಿಟ್ಟು ಬಾಯಿಗೆ ತೆಗೆದುಕೊಳ್ಳುತ್ತದೆ, ಮರಿಗಳು ಈಜುವ ತನಕ ಅವುಗಳನ್ನು ಬಾಯಲ್ಲಿಯೇ ಇಟ್ಟುಕೊಂಡು ಹೆಚ್ಚುಕಡಿಮೆ ಉಪವಾಸವಿರುತ್ತದೆ. ಒಮ್ಮೆ ಬಲೆಯಿಂದ ಬಿಡಿಸಿದ ಹೆಣ್ಣೊಂದರ ಗಂಟಲು ಉಬ್ಬಿತ್ತು; ಬಕೆಟ್ಟಿಗೆ ಹಾಕಿದೊಡನೆ ಬಾಯಿಂದ ಎಳ್ಳಿನಂಥ ಕಣ್ಣುಗಳ ಮರಿಗಳು ಉದುರಿದವು, ಸ್ವಲ್ಪ ಹೊತ್ತಿಗೆ ಕೆಲವು ತಾಯಿಯ ಬಾಯಿಯ ಬಳಿಯೇ ಮತ್ತೆ ಸೇರಿಕೊಂಡವು. ಮೊಟ್ಟೆ ಕೆಲವು ನೂರು ಮಾತ್ರವಾದರೂ ಜಿಲೇಬಿ ಕೆರೆಯನ್ನೇ ತುಂಬಿಬಿಡುವುದು ಈ ಜೋಪಾನದಿಂದ.

ಸೊಳ್ಳೆಮರಿ ತಿನ್ನಲೆಂದು ಬಾವಿಗೆ ಬಿಡುವ ಗಪ್ಪಿ ಮೊಟ್ಟೆ ಇಡುವುದಿಲ್ಲ, ಮರಿಯನ್ನೇ ಹಾಕುತ್ತದೆ. ಆದರೆ ಹಡೆದ ಮೇಲೆ ಆರೈಕೆಯಿಲ್ಲ, ಹಸಿದರೆ ತನ್ನ ಮರಿಯನ್ನೇ ತಿನ್ನುತ್ತದೆ.

ಜಿಲೇಬಿಯಲ್ಲಿ ತಾಯಿ ಕಾಯುತ್ತದಾದರೂ, ಒಟ್ಟಾರೆ ಮರಿಗಳನ್ನು ಕಾಯುವ ಮೀನುಗಳಲ್ಲಿ ಆ ಕೆಲಸ ಹೆಚ್ಚಾಗಿ ಗಂಡಿನದು ಎಂಬುದು ಅನೇಕರಿಗೆ ಹೊಸದೆನಿಸಬಹುದು. ಗಂಡು ಹೇಗೂ ತನ್ನ ಜಾಗವನ್ನು ಕಾಯುತ್ತಿರುತ್ತದೆ, ಮೊಟ್ಟೆಗಳು ಅಲ್ಲಿಯೇ ಇರುತ್ತವೆ. ಹೆಣ್ಣು ಮೇಯ್ದು ಮತ್ತೆ ಮೊಟ್ಟೆ ಕಟ್ಟಿಕೊಳ್ಳಬೇಕು.

ಕೊರಮೀನಿನ ಕಾವಲನ್ನು ತಮಗೆ ಕಣ್ಣಾರೆ ನೋಡುವ ಆಸೆಯಿದ್ದರೆ, ಒಳ್ಳೆಯ ಮಳೆಯಾಗಿ ಕೆರೆ ತುಂಬಿದ ಕೆಲವು ವಾರಗಳ ನಂತರ, ಗಾಳಿಯಿಲ್ಲದ ಬೆಳಗಿನ ಹೊತ್ತು ಜೊಂಡಿರುವ ದಂಡೆಗೆ ಹೋಗಿರಿ. ನೆರಳು ನೀರಿಗೆ ಬೀಳದಂತೆ ಕುಳಿತು, ತುಂತುರು ಬಿದ್ದಂತೆ ಅದುರುವ ಜಾಗವನ್ನು ಹುಡುಕಿರಿ.