ಪುರಾವೆ ಹುಡುಕುವುದು ನಿಮ್ಮ ಕೆಲಸವಲ್ಲ

ಪ್ರಶ್ನೆ: ನನ್ನ ಮಗಳಿಗೆ ಹನ್ನೊಂದು ವರ್ಷ. ನಮ್ಮ ಬಡಾವಣೆಯ ಭರತನಾಟ್ಯ ಶಾಲೆಗೆ ಚಿಕ್ಕಂದಿನಿಂದ ಹೋಗುತ್ತಿದ್ದಾಳೆ. ಗುರುಗಳು ಊರಿನಲ್ಲಿ ದೊಡ್ಡ ಹೆಸರಿರುವ ಹಿರಿಯರು. ಅವರ ತಮ್ಮನ ಮಗ ಈಗ ಮ್ಯೂಸಿಕ್, ಫೋಟೊ, ವಿಡಿಯೊ ನೋಡಿಕೊಳ್ಳುತ್ತಾರೆ. ಚಿಕ್ಕ ಮಕ್ಕಳಿಗೆ ಅಡವು ಹೇಳಿಕೊಡುವುದೂ ಉಂಟು. ದಸರಾ ಕಾರ್ಯಕ್ರಮದ ದಿನ ಹುಡುಗಿಯರು ಬಟ್ಟೆ ಬದಲಿಸುತ್ತಿದ್ದ ಕೋಣೆಗೆ ಅವರು ಮೊಬೈಲ್ ಹಿಡಿದುಕೊಂಡೇ ನುಗ್ಗಿದ್ದನ್ನು ಕಣ್ಣಾರೆ ಕಂಡೆ. ಕೇಳಿದರೆ ‘ಮೇಕಪ್ ಫೋಟೊ ಆಂಟಿ’ ಎಂದರು. ಆಮೇಲೆ ಮಗಳು ಬಾಯಿಬಿಟ್ಟಳು. ಅವಳ ಗೆಳತಿಗೆ, ಹನ್ನೆರಡರ ಹುಡುಗಿಗೆ, ರಾತ್ರಿ ಹೊತ್ತು ಅವರಿಂದ ಮೆಸೇಜ್ ಬರುತ್ತದಂತೆ, ‘ಅಮ್ಮಂಗೆ ಹೇಳ್ಬೇಡ’ ಎಂದೂ ಬರೆಯುತ್ತಾರಂತೆ. ಕ್ಲಾಸ್ ಮುಗಿದ ಮೇಲೆ ಅವಳೊಬ್ಬಳನ್ನೇ ಉಳಿಸಿಕೊಳ್ಳುತ್ತಾರಂತೆ. ಗುರುಗಳಿಗೆ ಹೇಳಿದೆ. ‘ಅವನು ಮಕ್ಕಳ ಜೊತೆ ಮಗುವಿನ ಹಾಗಿರ್ತಾನೆ’ ಎಂದು ನನ್ನ ಮೇಲೇ ಬೇಸರ ಮಾಡಿಕೊಂಡರು. ನಮ್ಮ ಯಜಮಾನರು ‘ನಮ್ಮ ಮಗಳಿಗೇನೂ ಆಗಿಲ್ವಲ್ಲ, ಕ್ಲಾಸ್ ಬಿಡಿಸಿ ಸುಮ್ಮನಿರು’ ಎನ್ನುತ್ತಾರೆ. ಒಬ್ಬ ಹುಡುಗಿಯ ರಂಗಪ್ರವೇಶ ಹತ್ತಿರವಿದೆ, ಈಗ ಬೇಡ ಎಂದು ಉಳಿದ ತಾಯಂದಿರು ತಡೆಯುತ್ತಿದ್ದಾರೆ. ಪುರಾವೆಯಿಲ್ಲದೆ ಒಬ್ಬರ ಬಾಳು ಕೆಡಿಸಿದ ಪಾಪ ನನಗೆ ಬಂದೀತೆ?
— ಹೆಸರು, ಊರು ಬೇಡ

ಉತ್ತರ: ಕಂಡದ್ದನ್ನು ಕಂಡ ಹಾಗೆ, ಕೇಳಿದ್ದನ್ನು ಕೇಳಿದ ಹಾಗೆ ಬರೆದಿದ್ದೀರಿ. ಎಲ್ಲಿಯೂ ಬಣ್ಣ ಕಟ್ಟಿಲ್ಲ. ಪೊಲೀಸರ ಮುಂದೆಯೂ ಇದನ್ನೇ, ಹೀಗೆಯೇ ಹೇಳಿ. ಆ ವ್ಯಕ್ತಿ ತಪ್ಪಿತಸ್ಥ ಎಂದು ನೀವು ಹೇಳಬೇಕಾಗಿಲ್ಲ, ನಾನೂ ಹೇಳಲಾರೆ. ತನಿಖೆ ಮಾಡುವವರು ಬೇರೆ ಇದ್ದಾರೆ. ಅವರವರೆಗೆ ಸುದ್ದಿ ಮುಟ್ಟಿಸುವುದಷ್ಟೇ ನಿಮ್ಮ ಪಾಲಿನದು.

ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಅಪರಾಧ ನಡೆದಿದೆ ಎಂದು ಗೊತ್ತಿದ್ದವರು ಮಾತ್ರವಲ್ಲ, ನಡೆಯಬಹುದೆಂಬ ಆತಂಕವಿರುವವರೂ ತಿಳಿಸಲೇಬೇಕು. ಪುರಾವೆ ತನ್ನಿ ಎಂದು ಅದು ಕೇಳುವುದಿಲ್ಲ. ಒಳ್ಳೆಯ ಮನಸ್ಸಿನಿಂದ ತಿಳಿಸಿದವರ ಮೇಲೆ ಸಿವಿಲ್ ಕೇಸಾಗಲಿ ಕ್ರಿಮಿನಲ್ ಕೇಸಾಗಲಿ ನಿಲ್ಲದಂತೆ ಅದೇ ಸೆಕ್ಷನ್ ಕಾಪಾಡುತ್ತದೆ. ಮಾನ ಕಳೆಯಲೆಂದೇ ಸುಳ್ಳು ದೂರು ಕೊಟ್ಟವರಿಗೆ ಶಿಕ್ಷೆ ಇರುವುದು ನಿಜ, ಆದರೆ ಆ ಮಾತು ನಿಮಗೆ ಅನ್ವಯಿಸುವುದಿಲ್ಲ. ಅಪರಾಧ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡವರಿಗೆ ಆರು ತಿಂಗಳವರೆಗೆ ಜೈಲಾಗಬಹುದು. ಸಂಸ್ಥೆ ನಡೆಸುವವರು ತಮ್ಮ ಕೈಕೆಳಗಿನವರ ಅಪರಾಧವನ್ನು ತಿಳಿಸದಿದ್ದರೆ ಒಂದು ವರ್ಷದವರೆಗೆ. ‘ನಮ್ಮನೆ ಹುಡುಗ’ ಎಂಬ ಮಾತು ಗುರುಗಳನ್ನು ಈ ಹೊಣೆಯಿಂದ ಬಿಡಿಸುವುದಿಲ್ಲ. ಮಕ್ಕಳ ಜೊತೆ ನಿತ್ಯ ಒಡನಾಡುವ ಸಂಸ್ಥೆಗಳು ತಮ್ಮ ಸಿಬ್ಬಂದಿಯ ಪೊಲೀಸ್ ಪರಿಶೀಲನೆ ಮಾಡಿಸಬೇಕೆಂದು 2020ರ ಪೋಕ್ಸೊ ನಿಯಮಗಳೇ ಹೇಳುತ್ತವೆ. ಸಂಬಂಧಿಕರಿಗೆ ಅದರಲ್ಲಿ ವಿನಾಯಿತಿ ಇಲ್ಲ.

ನೃತ್ಯಶಾಲೆಯ ಮಕ್ಕಳಿಗೆ ಇಂಥದ್ದನ್ನು ಹೇಳುವುದು ಯಾಕೆ ಅಷ್ಟು ಕಷ್ಟ ಎಂಬುದನ್ನು ಸ್ವಲ್ಪ ಯೋಚಿಸಿ. ಪ್ರತಿದಿನ ಕಾಲಿಗೆ ನಮಸ್ಕರಿಸಿ ಪಾಠ ಶುರುಮಾಡುವ ಮಗು ಅದು. ಗುರುವಿಗೆ ಎದುರು ಮಾತಾಡಬಾರದು ಎಂದು ನಾವೇ ಕಲಿಸಿ ಕಳಿಸಿದ್ದೇವೆ. ಅರಮಂಡಿ ಸರಿಯಾಗಿ ಕೂರದಿದ್ದರೆ ಮಂಡಿ ಹಿಡಿದು ತಿದ್ದುತ್ತಾರೆ, ಬೆನ್ನು ಬಾಗಿದರೆ ತಟ್ಟಿ ನೇರ ಮಾಡುತ್ತಾರೆ. ಹೀಗಾಗಿ ಯಾವ ಸ್ಪರ್ಶ ಪಾಠ, ಯಾವುದು ಅಲ್ಲ ಎಂಬ ಗೆರೆ ಮಗುವಿಗೆ ಮಸುಕಾಗಿಯೇ ಕಾಣುತ್ತದೆ. ಮೇಲಾಗಿ ಮುಂದಿನ ಸಾಲಿನಲ್ಲಿ ಯಾರು, ಕಾರ್ಯಕ್ರಮದಲ್ಲಿ ಕೃಷ್ಣ ಯಾರು ಎಂಬುದೆಲ್ಲ ಹಿರಿಯರ ಕೈಯಲ್ಲಿರುತ್ತದೆ. 2023ರಲ್ಲಿ ಚೆನ್ನೈನ ಕಲಾಕ್ಷೇತ್ರ ಎಂಬ ಹೆಸರಾಂತ ನೃತ್ಯಸಂಸ್ಥೆಯಲ್ಲಿ ಲೈಂಗಿಕ ಕಿರುಕುಳದ ದೂರು ಹೊತ್ತು ವಿದ್ಯಾರ್ಥಿಗಳು ಧರಣಿ ಕೂತರು. ಅವರು ಕಾಲೇಜು ಓದುವ ವಯಸ್ಸಿನವರು. ತಮ್ಮ ಮಾತು ಕೇಳಿಸಬೇಕಾದರೆ ಅವರಿಗೂ ಗುಂಪು ಕಟ್ಟಬೇಕಾಯಿತು. ಹನ್ನೆರಡರ ಹುಡುಗಿ ಒಬ್ಬಳೇ ಏನು ಮಾಡಿಯಾಳು?

ಪಾಠದ ಸ್ಪರ್ಶ ಎಲ್ಲರ ಎದುರಿಗೆ, ಹೇಳಿ ಮಾಡುವಂಥದ್ದು. ನೀವು ಬರೆದ ಮೂರು ಸಂಗತಿಗಳಲ್ಲಿ ಒಂದೂ ಪಾಠವಲ್ಲ. ಅದರಲ್ಲೂ ‘ಅಮ್ಮಂಗೆ ಹೇಳ್ಬೇಡ’ ಎಂಬ ಮಾತಿಗೆ ನನಗೆ ಯಾವ ಸಮಜಾಯಿಷಿಯೂ ತೋಚುತ್ತಿಲ್ಲ.

ಮೊದಲು ಆ ಹುಡುಗಿಯ ತಾಯಿಯನ್ನು ಹೋಗಿ ಕಾಣಿ. ಫೋನಿನಲ್ಲಿ ಬೇಡ, ಮಗು ಎದುರಿಗಿರುವಾಗಲೂ ಬೇಡ. ‘ನಿಮ್ಮ ಮಗಳದ್ದೇನೂ ತಪ್ಪಿಲ್ಲ’ ಎಂಬಲ್ಲಿಂದಲೇ ಶುರುಮಾಡಿ. ಗಾಬರಿಯಲ್ಲಿ ಅವರು ಮಗಳಿಗೆ ಬೈದು, ಫೋನ್ ಕಿತ್ತುಕೊಂಡು, ಮೆಸೇಜ್ ಅಳಿಸಿಹಾಕಿದರೆ ಮಗು ಮತ್ತೆ ಬಾಯಿ ತೆರೆಯುವುದಿಲ್ಲ. ಒಂದು ಮೆಸೇಜೂ ಅಳಿಸದೆ, ತಾರೀಕು, ಗಂಟೆ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಲಿ. ‘ಏನಾಯ್ತು, ಎಲ್ಲಿ ಮುಟ್ಟಿದ’ ಎಂದು ಇಬ್ಬರು ಹುಡುಗಿಯರನ್ನೂ ಕೆದಕಬೇಡಿ. ತಾವಾಗಿ ಹೇಳಿದ್ದನ್ನು ಕೇಳಿಸಿಕೊಂಡು, ಅವರದೇ ಮಾತಿನಲ್ಲಿ ಬರೆದಿಡಿ. ಹತ್ತು ಜನ ಹತ್ತು ಸಲ ಕೇಳಿದರೆ ಮಗುವಿನ ನೆನಪು ಕಲಕುತ್ತದೆ, ಕೋರ್ಟಿನಲ್ಲಿ ಅದೇ ಅವಳಿಗೆ ತಿರುಗಿ ಬೀಳುತ್ತದೆ.

ಆ ತಾಯಿ ಹಿಂಜರಿದರೂ ನೀವು ನಿಲ್ಲಬೇಡಿ. ಮಕ್ಕಳ ಸಹಾಯವಾಣಿ 1098 ಹಗಲು ರಾತ್ರಿ ಎತ್ತುತ್ತಾರೆ, ಹಣ ಕೊಡಬೇಕಾಗಿಲ್ಲ. ನೇರವಾಗಿ ಠಾಣೆಗೂ ಹೋಗಬಹುದು. ನೀವು ಹೇಳಿದ್ದನ್ನು ಬರೆದುಕೊಂಡು, ನಿಮಗೆ ಓದಿ ಹೇಳಿ, ನಮೂದಿನ ಸಂಖ್ಯೆ ಹಾಕಬೇಕು. ಆ ಸಂಖ್ಯೆ ಕೇಳಿ ಪಡೆಯಿರಿ. 24 ಗಂಟೆಯೊಳಗೆ ಪೊಲೀಸರು ಮಕ್ಕಳ ಕಲ್ಯಾಣ ಸಮಿತಿಗೂ ತಿಳಿಸಬೇಕು. ಮಗುವಿನ ಹೇಳಿಕೆಯನ್ನು ಅವಳ ಮನೆಯಲ್ಲೋ ಅವಳಿಗೆ ಇಷ್ಟವಾದ ಜಾಗದಲ್ಲೋ ತೆಗೆದುಕೊಳ್ಳುತ್ತಾರೆ, ಕೇಳುವ ಅಧಿಕಾರಿ ಸಮವಸ್ತ್ರದಲ್ಲಿ ಇರುವಂತಿಲ್ಲ, ಆದಷ್ಟೂ ಮಹಿಳೆಯೇ ಇರಬೇಕು. ಅವಳ ಹೆಸರು, ಮನೆ, ಶಾಲೆಯ ವಿವರ ಪತ್ರಿಕೆ-ಟಿವಿಯಲ್ಲಿ ಬರುವಂತಿಲ್ಲ. ‘ಹೆಣ್ಣುಮಗಳ ಹೆಸರು ಹೊರಗೆ ಬರುತ್ತೆ’ ಎಂಬ ಭಯ ಆ ತಾಯಿಗಿದ್ದರೆ ಇದನ್ನು ಹೇಳಿ.

ದೂರು ಕೊಡುವವರೆಗೆ ಗುರುಗಳ ಹತ್ತಿರ ಮತ್ತೆ ಹೋಗಬೇಡಿ, ಆ ವ್ಯಕ್ತಿಯನ್ನು ಅಡ್ಡಗಟ್ಟಿ ಕೇಳಲೂಬೇಡಿ. ಮೊಬೈಲಿನಲ್ಲಿರುವುದು ಒಂದು ನಿಮಿಷದಲ್ಲಿ ಮಾಯವಾದೀತು. ತಾಯಂದಿರ ವಾಟ್ಸಾಪ್ ಗುಂಪಿನಲ್ಲಿ ಒಂದಕ್ಷರವೂ ಬೇಡ. ಮಗುವಿನ ಗುರುತು ಬಯಲಾಗುವುದು ಅಲ್ಲಿಂದಲೇ, ನಿಮ್ಮ ಮೇಲೆ ಅಪವಾದ ಹುಟ್ಟುವುದೂ ಅಲ್ಲಿಂದಲೇ.

ರಂಗಪ್ರವೇಶದ ವಿಚಾರ. ಹಾಲ್ ಬುಕ್ಕಾಗಿರುತ್ತದೆ, ಪಕ್ಕವಾದ್ಯದವರಿಗೆ ಮುಂಗಡ ಹೋಗಿರುತ್ತದೆ, ಆ ಮನೆಯವರು ವರ್ಷಗಟ್ಟಲೆ ಹಣ ಕೂಡಿಟ್ಟಿರುತ್ತಾರೆ. ಅವರ ಸಂಕಟ ಸಣ್ಣದಲ್ಲ. ಆದರೆ ಅಂದೂ ಒಂದು ಗ್ರೀನ್ ರೂಮ್ ಇರುತ್ತದೆ, ಕ್ಯಾಮೆರಾ ಹಿಡಿದು ಓಡಾಡುವವರು ಇದೇ ಮನುಷ್ಯ. ತಡೆಯುತ್ತಿರುವ ತಾಯಂದಿರು ಇದನ್ನು ಯೋಚಿಸಿದಂತಿಲ್ಲ.

ನಿಮ್ಮ ಯಜಮಾನರಿಗೆ ನನ್ನ ಪರವಾಗಿ ಇಷ್ಟು ಹೇಳಿ. ನಿಮ್ಮ ಮಗಳು ಗೆಳತಿಗಾಗಿ ಹೆದರಿ, ಅಮ್ಮ ಏನಾದರೂ ಮಾಡಿಯಾಳು ಎಂದು ನಂಬಿ ನಿಮ್ಮ ಹತ್ತಿರ ಬಂದಿದ್ದಾಳೆ. ಈಗ ಅವಳೊಬ್ಬಳನ್ನು ಬಿಡಿಸಿಕೊಂಡು ಬಂದರೆ, ಹೇಳಿದರೂ ಏನೂ ಆಗುವುದಿಲ್ಲ ಎಂದು ಅವಳಿಗೆ ಖಾತ್ರಿಯಾಗುತ್ತದೆ. ನಾಳೆ ತನಗೇ ಏನಾದರೂ ಆದರೆ ಅವಳು ಯಾರಿಗೆ ಹೇಳಬೇಕು?

ಕ್ಲಾಸಿಗೆ ಸದ್ಯ ಕಳಿಸಬೇಡಿ, ಯಾಕೆಂದೂ ಅವಳಿಗೆ ಬಿಡಿಸಿ ಹೇಳಿ. ಇಲ್ಲದಿದ್ದರೆ ಹೇಳಿದ್ದಕ್ಕೆ ತನಗೇ ಶಿಕ್ಷೆಯಾಯಿತು ಎಂದುಕೊಳ್ಳುತ್ತಾಳೆ. ನೃತ್ಯ ಬೇಕೇ ಎಂದು ಅವಳನ್ನೇ ಕೇಳಿ. ಬೇಕೆಂದರೆ ಬೇರೆ ಗುರುಗಳನ್ನು ಹುಡುಕಿ, ಸೇರಿಸುವ ಮೊದಲು ಸಂಕೋಚವಿಲ್ಲದೆ ವಿಚಾರಿಸಿ: ಪಾಠ ನಡೆಯುವಾಗ ಪೋಷಕರು ಕೂರಬಹುದೇ, ಮೆಸೇಜ್ ಪೋಷಕರ ನಂಬರಿಗೆ ಮಾತ್ರ ಬರುತ್ತದೆಯೇ, ಬಟ್ಟೆ ಬದಲಿಸುವ ಕೋಣೆಯ ಬಾಗಿಲಲ್ಲಿ ಯಾರಿರುತ್ತಾರೆ, ಒಳಗೆ ಮೊಬೈಲ್ ಬಿಡುತ್ತಾರೆಯೇ. ಈ ಪ್ರಶ್ನೆಗಳಿಗೆ ಮುಖ ಗಂಟಿಕ್ಕುವವರ ಹತ್ತಿರ ಸೇರಿಸಬೇಡಿ.