ಹಳೆ ಮೈಸೂರು ಸಿಲ್ಕ್ ಸೀರೆಯಲ್ಲಿ ಮಗುವಿಗೆ ಬಾಡಿ ಲಂಗ: ಕತ್ತರಿ ಹಾಕುವ ಮುಂಚೆ ನೋಡಬೇಕಾದ್ದು

ಅಕ್ಕಾ, ನಿಮ್ಮ ಮೂರು ಪ್ರಶ್ನೆಗೂ ಒಟ್ಟಿಗೇ ಬರೀತಿದ್ದೀನಿ. ಉದ್ದ ಆಗುತ್ತೆ, ಬಿಡುವಾದಾಗ ಓದಿಕೊಳ್ಳಿ. ನೀವು ಕೇಳಿದ್ದು ಇಷ್ಟು: ಅಮ್ಮನ ಹಳೆ ಮೈಸೂರು ಸಿಲ್ಕ್ ಸೀರೆ ನೆರಿಗೆ ಹತ್ತಿರ ಎರಡು ಕಡೆ ಸೀಳಿದೆ, ಅದರಲ್ಲಿ ದಸರಾ ಗೊಂಬೆ ಕೂರಿಸೋ ಹೊತ್ತಿಗೆ ಐದೂವರೆ ವರ್ಷದ ಮಗಳಿಗೆ ಲಂಗ-ಜಾಕೀಟು ಹೇಗೆ ತೆಗೆಯೋದು. ಹೋದ ವರ್ಷ ಹೊಲಿಸಿದ ಲಂಗ ಒಂದೇ ಒಗೆತಕ್ಕೆ ಸುರುಟಿಕೊಂಡಿದ್ದು ಯಾಕೆ. ತಾತನ ಮೇಲುಕೋಟೆ ಪಂಚೆಯಲ್ಲಿ ಕೈಗೂಸಿಗೆ ಏನೇನು ಹೊಲಿಯಬಹುದು.

ಎರಡನೇ ಪ್ರಶ್ನೆ ಮೊದಲು. ಅದು ಗೊತ್ತಾಗದೆ ಕತ್ತರಿ ಹಿಡಿದರೆ ಈ ಲಂಗವೂ ಹಾಗೇ ಆಗುತ್ತೆ. ಮೈಸೂರು ಸಿಲ್ಕ್ ಅಂದರೆ ಕ್ರೇಪ್. ನೂಲನ್ನು ವಿಪರೀತ ಹುರಿ ಹಾಕಿ ನೇಯ್ದಿರುತ್ತಾರೆ, ಆ ಹುರಿಯಿಂದಲೇ ಅದಕ್ಕೆ ಆ ಇಳಿಬೀಳುವ ಗುಣ, ಆ ಸಣ್ಣ ತರಿ. ನೀರು ಕುಡಿದಾಗ ನೂಲು ಉಬ್ಬಿ, ಹುರಿ ಬಿಗಿಯಾಗಿ, ಬಟ್ಟೆ ಎಳೆದುಕೊಳ್ಳುತ್ತೆ. ಒಳಗಿನ ಕಾಟನ್ ಲೈನಿಂಗನ್ನು ನೆನೆಸದೆ ಹೊಸದಾಗೇ ಹಾಕಿದ್ದರೆ ಅದೂ ಕುಗ್ಗುತ್ತೆ, ಆದರೆ ತನ್ನದೇ ಅಳತೆಯಲ್ಲಿ. ಎರಡನ್ನೂ ಕೆಳಗಡೆ ಸೇರಿಸಿ ಹೊಲಿದಿದ್ದರೆ ಒಂದು ಇನ್ನೊಂದನ್ನು ಎಳೆಯುತ್ತೆ, ಸುರುಟಿಕೊಳ್ಳದೆ ಬೇರೆ ದಾರಿಯೇ ಇಲ್ಲ. ಆದ್ದರಿಂದ ಲೈನಿಂಗ್ ಬಟ್ಟೆಯನ್ನು ರಾತ್ರಿಯೆಲ್ಲ ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿದ ಮೇಲೇ ಕತ್ತರಿಸಿ. ಲಂಗದ ಲೈನಿಂಗನ್ನು ಸೊಂಟದ ಹೊಲಿಗೆಯಲ್ಲಿ ಮಾತ್ರ ಹಿಡಿಸಿ, ಕೆಳಗೆ ರೇಷ್ಮೆಗಿಂತ 1 ಇಂಚು ಮೇಲಕ್ಕೆ ಬಿಟ್ಟು ಬೇರೆಯಾಗೇ ಮಡಚಿ ಹೊಲಿಯಿರಿ. ಲಂಗ ಕೊಳೆಯಾದರೆ ಡ್ರೈವಾಶ್‌ಗೇ ಕೊಡಿ. ಆವಿ ಬರುವ ಇಸ್ತ್ರಿಪೆಟ್ಟಿಯೂ ಬೇಡ, ಅದರ ಹನಿ ಬಿದ್ದ ಜಾಗ ಅಷ್ಟೇ ಎಳೆದುಕೊಂಡು ಗುಳಿ ಬೀಳುತ್ತೆ.

ಈಗ ಸೀರೆಗೆ ಬರೋಣ. ಮೊದಲು ಫಾಲ್ಸ್ ಬಿಚ್ಚಿ. ಬ್ಲೇಡ್ ಬೇಡ, ಸಣ್ಣ ಕತ್ತರಿಯಲ್ಲಿ ಒಂದೊಂದೇ ಹೊಲಿಗೆ ತೆಗೆಯಿರಿ. ಆಮೇಲೆ ಹಗಲು ಬೆಳಕಿಗೆ ಕಿಟಕಿ ಹತ್ತಿರ ಸೀರೆಯನ್ನು ಒಂದೊಂದು ಮೀಟರಾಗಿ ಎತ್ತಿ ಹಿಡಿದು ನೋಡಿ. ನೂಲು ಸರಿದು ಜಾಲರಿಯಂತೆ ಕಾಣುವ ಕಡೆ, ಮಡಿಕೆ ಬಿದ್ದಲ್ಲಿ ಗೆರೆ ಗೆರೆಯಾಗಿ ತೆಳುವಾದ ಕಡೆ ದಾರದಿಂದ ಗುರುತು ಹಾಕಿ. ಚೆನ್ನಾಗಿದೆ ಅನ್ನಿಸಿದ ಜಾಗದಲ್ಲೂ ಎರಡು ಹೆಬ್ಬೆರಳನ್ನು 2 ಇಂಚು ದೂರ ಇಟ್ಟು, ಹಿಡಿದು, ಮೆಲ್ಲಗೆ ಎಳೆಯಿರಿ. ಮೊದಲು ಅಡ್ಡಕ್ಕೆ, ಆಮೇಲೆ ಉದ್ದಕ್ಕೆ. ಪರಪರ ಅಂತ ಸದ್ದು ಬಂದು ನೂಲು ಬಿಟ್ಟುಕೊಂಡರೆ ಆ ಭಾಗ ಮುಗಿದಿದೆ. ಎಷ್ಟು ಚೆಂದ ಕಂಡರೂ ಅದನ್ನು ಮೈಗೆ ಬಿಗಿಯಾಗುವ ಬಟ್ಟೆಗೆ ಬಳಸಬೇಡಿ. ಹಳೆ ರೇಷ್ಮೆ ಹೊಲಿಗೆಯಲ್ಲಿ ಹರಿಯೋದಿಲ್ಲ, ಹೊಲಿಗೆಯ ಪಕ್ಕದಲ್ಲಿ ಹರಿಯುತ್ತೆ. ಅಲ್ಲಿ ಹರಿದರೆ ರಿಪೇರಿ ಇಲ್ಲ.

ಸೀರೆ ಎಲ್ಲ ಕಡೆ ಒಂದೇ ಸಮ ಸವೆಯೋದಿಲ್ಲ. ಉಟ್ಟಾಗ ಒಳಸುತ್ತಿಗೆ ಹೋಗುವ ಮೊದಲ ಒಂದು ಮೀಟರು ಸಾಮಾನ್ಯವಾಗಿ ಗಟ್ಟಿ ಇರುತ್ತೆ, ಬಿಸಿಲು ಕಾಣೋದೇ ಇಲ್ಲವಲ್ಲ. ಅದರ ಮುಂದೆ ನೆರಿಗೆ ಹಿಡಿಯುವ ಭಾಗ, ಕಾಲಿಗೆ ತಗುಲಿ ತಗುಲಿ ನಿಮ್ಮದರಲ್ಲಿ ಸೀಳಿರೋದು ಅಲ್ಲೇ. ಮೇಲಂಚಿನ ಕಡೆ ಐದಾರು ಇಂಚು ಸೊಂಟಕ್ಕೆ ಸಿಕ್ಕಿಸುವ ಜಾಗ, ಬೆವರಿನ ಉಪ್ಪು ಕುಡಿದು ಸತ್ತಿರುತ್ತೆ, ಜರಿಯೂ ಕಪ್ಪಾಗಿರುತ್ತೆ. ಭುಜದ ಹತ್ತಿರ ಪಿನ್ನು ಚುಚ್ಚಿದ ತೂತು. ಬೆನ್ನಿನಿಂದ ಕೆಳಗೆ ತೂಗುವ ಸೆರಗಿನ ತುದಿ ಮತ್ತೆ ಚೆನ್ನಾಗಿರುತ್ತೆ. ಹಾಗಾಗಿ ಲಂಗಕ್ಕೆ ಒಳಸುತ್ತು, ಜಾಕೀಟಿಗೆ ಸೆರಗಿನ ತುದಿ. ಮೇಲುಭಾಗದಲ್ಲಿ ಉದ್ದಕ್ಕೂ ಉಳಿಯುವ ಪಟ್ಟಿಯಲ್ಲಿ ಜಾಕೀಟು ತೆಗೆಯೋಣ ಅಂತ ಆಸೆ ಆಗುತ್ತೆ, ಬೇಡ. ಅದು ಸೊಂಟದ ಬೆವರಿನ ಪಟ್ಟಿ, ಕಂಕುಳಲ್ಲಿ ಒಂದು ತಿಂಗಳೂ ತಡೆಯಲ್ಲ.

ಲಂಗದ ಅಳತೆ. ಈ ವಯಸ್ಸಿಗೆ ಸುಮಾರು ಎದೆ ಸುತ್ತು 23, ಭುಜದಿಂದ ಸೊಂಟ 10, ಸೊಂಟದಿಂದ ಕಾಲಗಂಟು 25 ಇಂಚು ಬರುತ್ತೆ. ಆದರೂ ಮಗೂನ ನಿಲ್ಲಿಸಿ ಅಳೆದೇ ಅಳೆಯಿರಿ, ಉದ್ದ ತೆಗೆಯುವಾಗ ಬಗ್ಗಿ ನೋಡಲು ಬಿಡಬೇಡಿ. ಲಾಡಿ ಲಂಗಕ್ಕಿಂತ ಬಾಡಿ ಲಂಗವೇ (ಮೇಲೆ ತೋಳಿಲ್ಲದ ಒಳರವಿಕೆ ಸೇರಿಸಿ ಹೊಲಿದದ್ದು) ಒಳ್ಳೇದು ಅನ್ನೋದು ನನ್ನ ಖಚಿತ ಅಭಿಪ್ರಾಯ. ಲಾಡಿ ಸೊಂಟ ಕೊರೆಯುತ್ತೆ, ಜಾರುತ್ತೆ, ಮಗು ಎಳೆದೆಳೆದು ಕಟ್ಟಿಕೊಂಡು ಹಳೆ ರೇಷ್ಮೆ ಸೊಂಟದ ಹತ್ತಿರವೇ ಸೀಳುತ್ತೆ. ಬಾಡಿ ಇದ್ದರೆ ತೂಕವೆಲ್ಲ ಭುಜದ ಮೇಲೆ, ಅದೂ ಹೊಸ ಕಾಟನ್ ಮೇಲೆ.

ಬಟ್ಟೆಯ ಎತ್ತರ: ಲಂಗ 25, ಬೆಳೆದಂತೆ ಬಿಚ್ಚಲು ಮಡಚಿ ಹೊಲಿದಿಡುವ ಎರಡು ಟಕ್ಕಿಗೆ 4, ಸೊಂಟದ ಹೊಲಿಗೆಗೆ ಅರ್ಧ, ಒಟ್ಟು 29½ ಇಂಚು. ಕೆಳಗಂಚಿನಿಂದ ಮೇಲಕ್ಕೆ ಅಳೆದು ಉದ್ದಕ್ಕೂ ಕತ್ತರಿಸಿ. ಅಂಚೇ ಲಂಗದ ಕೆಳಬದಿ ಆಗೋದರಿಂದ ಕೆಳಗೆ ಮಡಚಿ ಹೊಲಿಯುವ ಕೆಲಸವಿಲ್ಲ. ಕೆಳಗಂಚು ಕೆಟ್ಟಿದ್ದು ಮೇಲಂಚಿನ ಜರಿ ಚೆನ್ನಾಗಿದ್ದರೆ, ಎರಡೂ ಒಂದೇ ಅಗಲ ಇದ್ದರೆ, ಸೀರೆಯನ್ನು ತಲೆಕೆಳಗು ಮಾಡಿ ಬಳಸಬಹುದು. ಫಾಲ್ಸ್ ಇದ್ದ ಕಡೆ ಕೆಳಗಂಚೇ ಸಾಮಾನ್ಯವಾಗಿ ಗೆಲ್ಲುತ್ತೆ.

ಸುತ್ತಳತೆ ನೆರಿಗೆ ಮೇಲೆ ನಿಂತಿದೆ. ಒಂದು ಇಂಚಿನ ಒತ್ತು ನೆರಿಗೆಗೆ 3 ಇಂಚು ಬಟ್ಟೆ ಬೇಕು. ಬಾಡಿಯ ಕೆಳಸುತ್ತು 25 ಅಂದರೆ 75, ಹಿಂದೆ ಒಂದರ ಮೇಲೊಂದು ಕೂರಲು 2, ಹೊಲಿಗೆಗೆ 1, ಒಟ್ಟು 78 ಇಂಚು. ಹತ್ತಿರ ಹತ್ತಿರ 2 ಮೀಟರು. ಒಳಸುತ್ತಿನಲ್ಲಿ ಒಂದೇ ಮೀಟರು ಗಟ್ಟಿ ಸಿಕ್ಕರೆ, ಸೀಳಿದ ನೆರಿಗೆ ಭಾಗ ಬಿಟ್ಟು ಅದರ ಮುಂದಿನಿಂದ ಇನ್ನೊಂದು ಮೀಟರು ತಗೊಂಡು ಪಕ್ಕದಲ್ಲಿ ಜೋಡಿಸಿ. ಜೋಡಣೆ ನೆರಿಗೆಯ ಒಳಮಡಿಕೆಗೆ ಬರುವ ಹಾಗೆ ಲೆಕ್ಕ ಹಾಕಿದರೆ ಕಣ್ಣಿಗೆ ಕಾಣಲ್ಲ. ಅಂಚಿನ ಗೆರೆ ಮಾತ್ರ ಗೆರೆಗೆ ಸರಿಯಾಗಿ ಕೂರಬೇಕು, ಆದ್ದರಿಂದ ಕೆಳಗಿನಿಂದ ಮೇಲಕ್ಕೆ ಹೊಲಿಯಿರಿ. ಸುಕ್ಕು ಕೊಟ್ಟು ಎಳೆಯುವ ನೆರಿಗೆ ಈ ಬಟ್ಟೆಗೆ ಬೇಡ, ಸೊಂಟದಲ್ಲಿ ಗಂಟು ಗಂಟಾಗಿ ಉಬ್ಬುತ್ತೆ.

ಟಕ್ಕಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ರೇಷ್ಮೆ ಲಂಗ ಒಂದೇ ಹಬ್ಬಕ್ಕೆ ಚಿಕ್ಕದಾಗೋದು ಇದನ್ನು ಬಿಡೋದರಿಂದ. ಈ ವಯಸ್ಸಿನ ಮಗು ವರ್ಷಕ್ಕೆ 5-6 ಸೆಂಟಿಮೀಟರ್ ಎತ್ತರ ಬೆಳೆಯುತ್ತೆ, ಅದರಲ್ಲಿ ಹೆಚ್ಚಿನ ಪಾಲು ಕಾಲೇ. ಲಂಗಕ್ಕೆ ವರ್ಷಕ್ಕೆ ಒಂದೂವರೆ ಇಂಚು ಬೇಕಾಗುತ್ತೆ ಅಂತ ಇಟ್ಟುಕೊಳ್ಳಿ. 1 ಇಂಚು ಆಳದ ಒಂದು ಟಕ್ಕು ಬಿಚ್ಚಿದರೆ 2 ಇಂಚು ಉದ್ದ ಸಿಗುತ್ತೆ. ಎರಡು ಟಕ್ಕು ಇದ್ದರೆ ಎರಡೂವರೆ ವರ್ಷ ಚಿಂತೆ ಇಲ್ಲ. ಮೊದಲನೇದನ್ನು ಅಂಚು ಮುಗಿಯುವ ಗೆರೆಯ ನೇರ ಮೇಲೆ, ಎರಡನೇದನ್ನು ಅದಕ್ಕಿಂತ ಒಂದೂವರೆ ಇಂಚು ಮೇಲೆ, ಮಡಿಕೆ ಒಳಗೆ ಬರುವಂತೆ ಹಾಕಿ. ಬಿಚ್ಚುವಾಗ ಮೇಲಿನದನ್ನು ಮೊದಲು ಬಿಚ್ಚಿ. ಹೊಲಿಗೆ ಉದ್ದ 4 ಮಿಲಿಮೀಟರ್ ಇರಲಿ, ಕೈಹೊಲಿಗೆಯಾದರೆ ಇನ್ನೂ ಉತ್ತಮ. ಟಕ್ಕಿನ ಮೇಲೆ ಇಸ್ತ್ರಿ ಒತ್ತಬೇಡಿ. ಒತ್ತಿದ ಗೆರೆ ಕ್ರೇಪಿನಲ್ಲಿ ಹೋಗೋದೇ ಇಲ್ಲ, ಆ ಗೆರೆಯಲ್ಲೇ ಮುಂದೆ ಸೀಳು ಬೀಳುತ್ತೆ. ಟಕ್ಕು ನೆರಿಗೆಗಿಂತ ಮುಂಚೆ, ಬಟ್ಟೆ ಚಪ್ಪಟೆ ಇದ್ದಾಗಲೇ ಹಾಕಬೇಕು. ಲೈನಿಂಗಿಗೂ ಅಷ್ಟೇ ಟಕ್ಕು ಬೇಕು, ಎಷ್ಟೋ ಜನ ಇದನ್ನೇ ಮರೆಯೋದು.

ಕ್ರೇಪ್ ಜಾರುತ್ತೆ. ಬರಿ ನೆಲದ ಮೇಲೆ ಹಾಸಿ ಕತ್ತರಿಸಿದರೆ ಅರ್ಧ ಇಂಚು ಓರೆ ಹೋಗೋದು ಖಂಡಿತ. ಹಳೆ ಕಾಟನ್ ಬೆಡ್‌ಶೀಟ್ ಹಾಸಿ ಅದರ ಮೇಲೆ ಹರಡಿ. ಪಿನ್ನು ಹೊಲಿಗೆ ಮಾರ್ಜಿನ್ ಒಳಗೇ ಚುಚ್ಚಿ. ಸೂಜಿ ಹೊಸದಿರಲಿ, 11ನೇ ನಂಬರು, ತೀರಾ ತೆಳುವಾದ ಬಟ್ಟೆಗೆ 9. ಮೊಂಡು ಸೂಜಿ ನೂಲನ್ನು ಎಳೆದು ಬಟ್ಟೆ ಉದ್ದಕ್ಕೂ ಗೆರೆ ಮಾಡುತ್ತೆ. ಜರಿ ಅಂಚಿಗೆ ಬಂದಾಗ 14ಕ್ಕೆ ಬದಲಾಯಿಸಿ, ಪೆಡಲು ಬಿಟ್ಟು ಕೈಯಲ್ಲಿ ಚಕ್ರ ತಿರುಗಿಸಿ. ಲೋಹದ ಮೇಲೆ ಜೋರಾಗಿ ಓಡಿಸಿದರೆ ದಾರ ತುಂಡಾಗುತ್ತೆ, ಸೂಜಿ ಮುರಿದು ಕಣ್ಣಿಗೆ ಹಾರುವ ಅಪಾಯವೂ ಇದೆ. ಇಂಚಿಗೆ 10-12 ಹೊಲಿಗೆ, ಮೇಲಿನ ದಾರದ ಬಿಗಿ ಒಂದು ಮಟ್ಟ ಸಡಿಲ. ಶುರುವಿನಲ್ಲಿ ಮಷೀನು ಬಟ್ಟೆಯನ್ನು ಕೆಳಗೆ ನುಂಗಿದರೆ ಒಂದು ಚೂರು ಕಾಟನ್ ಮೇಲೆ ಹೊಲಿಗೆ ಶುರು ಮಾಡಿ ಅಲ್ಲಿಂದ ರೇಷ್ಮೆಗೆ ಹೋಗಿ. ಹೊಲಿಗೆ ಸುಕ್ಕುಗಟ್ಟಿದರೆ ಅಡಿಯಲ್ಲಿ ತೆಳು ಬಿಳಿ ಕಾಗದ ಇಟ್ಟು ಹೊಲಿದು ಆಮೇಲೆ ಹರಿದುಹಾಕಿ. ದಿನಪತ್ರಿಕೆ ಬೇಡ, ಮಸಿ ಹತ್ತುತ್ತೆ.

ಬಾಡಿಯನ್ನು ಪೂರ್ತಿ ಕಾಟನ್ನಲ್ಲೇ ಮಾಡಿ. ಕತ್ತು ಜಾಕೀಟಿನ ಕತ್ತಿಗಿಂತ 1 ಇಂಚು ಆಳ, ಹಿಂದೆ ತೆರೆದು ಮೂರು ಟಿಚ್ ಬಟನ್. ಭುಜದ ಪಟ್ಟಿಯನ್ನು 2 ಇಂಚು ಉದ್ದ ಬಿಟ್ಟು ಒಳಗೆ ಮಡಚಿಡಿ, ಮುಂದಿನ ವರ್ಷ ಬೇಕಾಗುತ್ತೆ.

ಜಾಕೀಟು: 23 ಎದೆಗೆ ಹೊಲಿದ ಮೇಲೆ 26 ಇರಬೇಕು, ಉದ್ದ 11, ತೋಳು 5. ಇಲ್ಲಿ ರೇಷ್ಮೆಯನ್ನು ಲೈನಿಂಗ್ ಮೇಲೆ ಇಟ್ಟು ಅಂಚಿನ ಸುತ್ತ ಕಚ್ಚಾ ಹೊಲಿಗೆ ಹಾಕಿ, ಎರಡನ್ನೂ ಒಂದೇ ಬಟ್ಟೆಯಾಗಿ ಹೊಲಿಯಿರಿ. ಎಳೆತ ಬೀಳೋದು ಕಾಟನ್ ಮೇಲೆ ಆಗಬೇಕು. (ಲಂಗದಲ್ಲಿ ಲೈನಿಂಗ್ ಬೇರೆ, ಇಲ್ಲಿ ಒಟ್ಟಿಗೆ. ಅದಲುಬದಲು ಮಾಡಬೇಡಿ.) ಪಕ್ಕದಲ್ಲಿ 1 ಇಂಚು ಮಾರ್ಜಿನ್ ಬಿಡಿ. ನಾಲ್ಕು ಅಂಚಿನಲ್ಲೂ ಅರ್ಧರ್ಧ ಬಿಚ್ಚಿದರೆ 2 ಇಂಚು ಸುತ್ತು ಸಿಗುತ್ತೆ. ತೋಳಿನ ತುದಿಗೆ ಅಂಚು ಹಾಕಿದರೆ ಅದು ಹಿಗ್ಗಲ್ಲ ಅನ್ನೋದು ನೆನಪಿರಲಿ, ಮಗುವಿನ ತೋಳು 7 ಇಂಚಾದರೆ ಅಂಚು 8½ ಇಂಚು. ಜರಿಯ ಹಿಂಬದಿ ಮಗುವಿನ ಚರ್ಮ ಕೆರೆಯುತ್ತೆ, ತೋಳು-ಕತ್ತಿನ ಒಳಗೆ ಮೆತ್ತನೆ ಮಲ್ ಬಟ್ಟೆಯ ಪಟ್ಟಿ ಕೊಡಿ. ಲಂಗ ಉಬ್ಬಿ ನಿಲ್ಲಲಿ ಅಂತ ಕ್ಯಾನ್‌ಕ್ಯಾನ್ ನೆಟ್ ಹಾಕಬೇಡಿ. ಅದು ಪಾಲಿಯೆಸ್ಟರ್ ಅಥವಾ ನೈಲಾನ್. ದೀಪದ ಕಿಡಿ ತಗುಲಿದರೆ ಕರಗಿ ಮೈಗೆ ಅಂಟುತ್ತೆ. ಗೊಂಬೆ ಮುಂದೆ ದೀಪ, ಆಮೇಲೆ ದೀಪಾವಳಿ, ಮಕ್ಕಳು ಓಡಾಡೋದು ಅದರ ಪಕ್ಕದಲ್ಲೇ. ಲೈನಿಂಗ್ ಕಾಟನ್ನೇ ಹೌದೋ ಅಂತ ಅನುಮಾನವಿದ್ದರೆ ಒಂದು ಎಳೆ ತೆಗೆದು ತಟ್ಟೆ ಮೇಲೆ ಸುಟ್ಟು ನೋಡಿ: ಕಾಟನ್ ಸುಟ್ಟ ಕಾಗದದ ವಾಸನೆ, ಬೂದಿ, ಪಾಲಿಯೆಸ್ಟರ್ ಗಟ್ಟಿ ಮಣಿಯಾಗುತ್ತೆ. ರೇಷ್ಮೆಗೆ ಸುಟ್ಟ ಕೂದಲ ವಾಸನೆ.

ಜರಿ ಚೂರುಗಳನ್ನು ಎಸೆಯಬೇಡಿ. ಕೆಎಸ್‌ಐಸಿ (ಮೈಸೂರು ಸಿಲ್ಕ್ ನೇಯುವ ಸರ್ಕಾರಿ ನಿಗಮ) ಸೀರೆಯ ಜರಿಯಲ್ಲಿ ಶೇ 65 ಬೆಳ್ಳಿ, ಶೇ 0.65 ಚಿನ್ನ ಇರುತ್ತೆ. ಸೀಳಿದ ಭಾಗದ ಅಂಚನ್ನೂ ಕತ್ತರಿಸಿ ಎತ್ತಿಡಿ, ಬಟುವೆಗೆ ಪಟ್ಟಿಯಾಗುತ್ತೆ. ಬಟುವೆಗೆ 7×9 ಇಂಚಿನ ಎರಡು ತುಂಡು ಸಾಕು. ದುರ್ಬಲ ರೇಷ್ಮೆಯಾದರೂ ಹಿಂದೆ ಕಾಟನ್ ಇಟ್ಟು, ಕಾಲಿಂಚಿಗೊಂದು ಸಾಲು ಕೌದಿ ಹೊಲಿಗೆ ಹಾಕಿದರೆ ನಿಲ್ಲುತ್ತೆ. ಕೂದಲ ಬ್ಯಾಂಡಿಗೆ 3½×18 ಪಟ್ಟಿ, 7 ಇಂಚು ಎಲಾಸ್ಟಿಕ್.

ಇನ್ನು ಪಂಚೆ. ಎಂಟು ಮೊಳದ್ದಾದರೆ 3.6 ಮೀಟರು. ಒಗೆದೊಗೆದು ಮೆತ್ತಗಾದ ಕೈಮಗ್ಗದ ಕಾಟನ್ನಿಗಿಂತ ಕೈಗೂಸಿನ ಮೈಗೆ ಹಿತವಾದದ್ದು ಅಂಗಡಿಯಲ್ಲಿ ಸಿಗಲ್ಲ. ಗಂಜಿ ಪೂರ್ತಿ ಹೋಗುವವರೆಗೆ ಬಿಸಿನೀರಲ್ಲಿ ನೆನೆಸಿ ಒಗೆದು ಬಿಸಿಲಿಗೆ ಹಾಕಿ. ಅಂಚನ್ನು ಕತ್ತರಿಸಿ ತೆಗೆಯಿರಿ, ಅದು ಒರಟು. ಗಟ್ಟಿ ಭಾಗದಲ್ಲಿ ಜಬಲಾ (ಕೈಗೂಸಿನ ಸಡಿಲ ಅಂಗಿ), ತೆಳುವಾದ ಭಾಗದಲ್ಲಿ 24 ಇಂಚಿನ ಚೌಕದ ಲಂಗೋಟಿ ಬಟ್ಟೆ. ಮೊದಲ ಮೂರು ತಿಂಗಳಿಗೆ ಜಬಲಾ ಸುತ್ತು 20, ಉದ್ದ 11, ಕಂಕುಳ ಆಳ 4½. ಹಿಂದೆ ಪೂರ್ತಿ ತೆರೆದು ಒಂದೂವರೆ ಇಂಚು ಒಂದರ ಮೇಲೊಂದು ಕೂರಬೇಕು. ಗುಂಡಿ ಬೇಡ, ಕಿತ್ತು ಬಾಯಿಗೆ ಹೋಗುತ್ತೆ. 5 ಇಂಚಿನ ಲಾಡಿ ಎರಡು ಜೊತೆ, ಬೆನ್ನಿನ ಹತ್ತಿರ. ಕತ್ತಿನ ಸುತ್ತ ಎಳೆದು ಕಟ್ಟುವ ದಾರ ಯಾವ ಕಾರಣಕ್ಕೂ ಬೇಡ. ಕತ್ತಿಗೆ ಒಂದೂಕಾಲು ಇಂಚಿನ ಕ್ರಾಸ್ ಪೀಸ್ (ಓರೆಯಾಗಿ ಕತ್ತರಿಸಿದ) ಪಟ್ಟಿ. ಒಳಗೆ ಮಾರ್ಜಿನ್ ಉಳಿಯದ ಹಾಗೆ ಫ್ರೆಂಚ್ ಹೊಲಿಗೆ ಹಾಕಿ: ಮೊದಲು ಹೊರಗಡೆಯಿಂದ ಕಾಲಿಂಚು ಹೊಲಿದು, ಅಂಚು ಕತ್ತರಿಸಿ, ತಿರುಗಿಸಿ ಮತ್ತೆ ಒಳಗಿನಿಂದ ಕಾಲಿಂಚು.

ಕುಲಾವಿಗೆ 12½×6½ ತುಂಡು. ಮುಂದಿನ ಉದ್ದಬದಿ ಮುಕ್ಕಾಲು ಇಂಚು ಮಡಚಿ, ಹಿಂದಿನ ಉದ್ದಬದಿಗೆ ಸುಕ್ಕು ಕೊಟ್ಟು ಬಿಗಿಯಾಗಿ ಎಳೆದು ಗಂಟು ಹಾಕಿ ಮುಚ್ಚಿಬಿಡಿ, ಕೆಳಗೆ ಪಟ್ಟಿ ಕೊಟ್ಟು ಎರಡೂ ಕಡೆ 6 ಇಂಚಿನ ಲಾಡಿ ಬಿಡಿ. ಮಗು ಮಲಗಿದಾಗ ಕುಲಾವಿ ಬಿಚ್ಚಿಡಿ. ಗೆಜ್ಜೆ, ಮಣಿ ಯಾವುದೂ ಬೇಡ.

ಲೈನಿಂಗಿಗೆ ಮಂಡ್ಯದ ಪೇಟೆಬೀದಿಯಲ್ಲೇ ಕೇಳಿ, ಮೈಸೂರಿಗೆ ಬಂದರೆ ಶಿವರಾಂಪೇಟೆ ಕಡೆ ನೋಡಿ. ಅಂಗಡಿಗೆ ಸೀರೆಯನ್ನೇ ತಗೊಂಡು ಹೋಗಿ, ಬಣ್ಣ ಫೋಟೋದಲ್ಲಿ ಮೋಸ ಮಾಡುತ್ತೆ. ಅದಕ್ಕೂ ಮುಂಚೆ ಸೀಳಿದ ಭಾಗವನ್ನು ಕಿಟಕಿ ಬೆಳಕಿಗೆ ಹಿಡಿದು ಒಂದು ಫೋಟೋ, ಒಳಸುತ್ತಿನದು ಒಂದು ಫೋಟೋ ಇಲ್ಲಿ ಹಾಕಿ. ಒಂದೇ ತುಂಡಿನಲ್ಲಿ ತೆಗೆಯಬಹುದೋ, ಎರಡು ಜೋಡಿಸಬೇಕೋ ನೋಡಿ ಹೇಳ್ತೀನಿ. ಅಲ್ಲಿಯವರೆಗೆ ಕತ್ತರಿ ಹಾಕಬೇಡಿ.